ಹರಳು ಕಂಡಿಲ್ಲ

ಇವತ್ತು ಮೂರನೆಯ ದಿನ ಅನ್ನುವುದು ಸೊಕ್ ಜೆಗ್ಯುವಿಗೆ ಹಲ್ಲುಜ್ಜುವಾಗ ನೆನಪಾಯಿತು ಅಂದರೆ ಸುಳ್ಳು; ಅದು ರಾತ್ರಿಯಿಡೀ ಅವನ ಪಕ್ಕದಲ್ಲೇ ಮಲಗಿತ್ತು. ಸೋಮವಾರ ಬೆಳಿಗ್ಗೆ, ಅವನು ಕೆಲಸ ಮಾಡುವ ಆಹಾರ ಪರೀಕ್ಷಾಲಯದ ಶೀತಪೆಟ್ಟಿಗೆಯನ್ನು ಖಾಲಿ ಮಾಡಬೇಕೆಂದು ಅಪ್ಪಣೆಯಾಗಿತ್ತು. ನಾಲ್ಕು ವರ್ಷ ತುಂಬಿದ ಬ್ಯಾಕ್ಟೀರಿಯಾಗಳನ್ನೆಲ್ಲ ಬೇಯಿಸಿ ಎಸೆಯಬೇಕು. ಹೆಪ್ಪುಗಟ್ಟಿದ ಪುಟ್ಟ ಕೊಳವೆಗಳನ್ನು ಬುಟ್ಟಿಗೆ ಸುರಿಯುತ್ತ ಹೋದವನು ನೂರಾ ಹದಿನೇಳನೆಯದನ್ನು ಮಾತ್ರ ಕೋಟಿನ ಜೇಬಿಗೆ ಹಾಕಿಕೊಂಡಿದ್ದ. ಹಾಕಿಕೊಳ್ಳಬೇಕೆಂದು ಅಂದುಕೊಂಡಿರಲಿಲ್ಲ. ಕೈ ಹಾಕಿತು, ಅವನು ಸುಮ್ಮನಿದ್ದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅದರಲ್ಲಿದ್ದುದನ್ನು ಬ್ಯಾಕ್ಟೀರಿಯಾ ಬೆಳೆಸುವ ಹೊಸ ತಟ್ಟೆಯ ಮೇಲೆ ಗೀರಿ, ಮೇಲೆ ಹೆಸರು ಬರೆಯದೆ, ಮೂವತ್ತು ಡಿಗ್ರಿಯ ಬೆಚ್ಚನೆ ಪೆಟ್ಟಿಗೆಯ ಹಿಂಬದಿಗೆ ತಳ್ಳಿದ್ದ. ಮೂರು ದಿನ ಬೇಕು. ಮೂರು ದಿನವೆಂದು ಪುಸ್ತಕದಲ್ಲೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನೇ ಅದನ್ನು ಬಾಯಿಪಾಠ ಮಾಡಿಸುತ್ತಾನೆ. ನಾಲ್ಕು ವರ್ಷದ ಹಿಂದೆ ಅವನು ಕಾದದ್ದು ಒಂದೇ ದಿನ. ಬಾಯಲ್ಲಿದ್ದ ನೊರೆ ಉಗಿದು ಮುಖ ಒರೆಸಿಕೊಂಡ. ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದು ಬಸ್ಸಿನಲ್ಲಿ ಗೊತ್ತಾಯಿತು.

ಬಸ್ಸು ಇಳಿದರೆ ದಕ್ಷಿಣದ ಸಂತೆ, ಸಂತೆ ದಾಟಿದರೆ ಪರೀಕ್ಷಾಲಯ. ಸುತ್ತುಹಾಕಿ ಹೋಗುವ ದಾರಿ ಬೇರೆ ಇದೆ. ಅವನು ಸಂತೆಯೊಳಗೇ ಹೋಗುತ್ತಾನೆ. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ಮೀನಿನಂಗಡಿಯ ಪಕ್ಕ ನೀಲಿ ತಾಡಪಾಲು ಹಾಸಿಕೊಂಡು ತಾಕ್ ಜೊಮ್ರೆ ಅಜ್ಜಿ ಕೂತಿದ್ದಳು. ಮುಂದೆ ಹಸಿಯಾಗಿಯೇ ತಿನ್ನುವ ಕೆನಿಪ್ ಎಲೆಯ ಕಟ್ಟುಗಳು, ಅಂಗೈ ಅಗಲದ ಎಲೆಗಳನ್ನು ಹತ್ತು ಹತ್ತು ಜೋಡಿಸಿ ದಾರ ಸುತ್ತಿದವು. ತೊಡೆಯ ಪಕ್ಕ ಒಂದು ಪ್ಲಾಸ್ಟಿಕ್ ಬೋಗುಣಿ. ಬೋಗುಣಿಯಿಂದ ವಿನಿಗರ್ ವಾಸನೆ. ಒಂದೊಂದೇ ಎಲೆಯನ್ನು ಅದರಲ್ಲಿ ಅದ್ದಿ, ಮಗುಚಿ, ಮತ್ತೆ ಅದ್ದಿ, ಜಾಡಿಸಿ ಕಟ್ಟುತ್ತಾಳೆ. ಅವಳ ಬೆರಳುಗಳ ತುದಿ ಬೆಳ್ಳಗೆ ಸುಕ್ಕುಗಟ್ಟಿ ಅಲ್ಲಲ್ಲಿ ಒಡೆದಿದೆ. ಬೇರೆ ಯಾವ ಸೊಪ್ಪಿನವಳೂ ಹೀಗೆ ತೊಳೆಯುವುದಿಲ್ಲ.

"ಬಂದ್ರಾ ಮೇಷ್ಟ್ರೇ," ಅಂದಳು. ಕನ್ನಡಕ ಹಾಕಿದವರೆಲ್ಲ ಅವಳಿಗೆ ಮೇಷ್ಟ್ರು. "ಒಂಟಿ ಗಂಡಸು, ವಾರಕ್ಕೆ ಎರಡು ಕಟ್ಟು ಏನ್ ಮಾಡ್ತೀರೋ. ಮನೇಲಿ ಮೊಲ ಸಾಕಿದ್ದೀರಾ?"

"ಮೊಲ ಅಲ್ಲ, ಹೆಂಡ್ತಿ ಬಚ್ಚಿಟ್ಟಿದ್ದಾರೆ," ಎಂದಳು ಮೀನಿನವಳು. ಮೊಕ್ಪೊ ಕಡೆಯಿಂದ ಮದುವೆಯಾಗಿ ಬಂದವಳು, ಎಲ್ಲರಿಗೂ ಮೊಕ್ಪೊದವಳು. "ಹೆಂಗಸಿದ್ದಿದ್ರೆ ಆ ಗುಂಡಿ ನೋಡಿ ಕಳಿಸ್ತಿದ್ಲು ಬಿಡು."

ಇಬ್ಬರೂ ನಕ್ಕರು. ಜೆಗ್ಯು ಗುಂಡಿ ಸರಿಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟ. ಅಜ್ಜಿ ಎರಡು ಕಟ್ಟು ಚೀಲಕ್ಕೆ ಹಾಕಿ, ಎಂದಿನಂತೆ ಮೇಲೊಂದು ಹಿಡಿ ಎಲೆ ಪುಕ್ಕಟೆ ತುರುಕಿದಳು. ಬೇಡ ಅಂದರೆ ಕೇಳುವವಳಲ್ಲ. ಅವನು ತಲೆ ಬಗ್ಗಿಸಿ ಥ್ಯಾಂಕ್ಸ್ ಅಂದ. ಪರೀಕ್ಷಾಲಯದ ಹಿಂದಿನ ಕಸದ ಡಬ್ಬಿಗೆ ಆ ಚೀಲ ಹೋಗಿ ಬಿತ್ತು. ನಾಲ್ಕು ವರ್ಷದಿಂದ ಅದು ಅಲ್ಲಿಗೇ ಹೋಗಿ ಬೀಳುತ್ತಿದೆ. ಮನೆಗೆ ಒಯ್ಯಲಾಗುವುದಿಲ್ಲ, ಕೊಳ್ಳದೆ ದಾಟಲೂ ಆಗುವುದಿಲ್ಲ.

ನಲವತ್ತೊಂದು ಮಕ್ಕಳು. ಸಂಖ್ಯೆ ಮಾತ್ರ ಅವನಿಗೆ ಚೆನ್ನಾಗಿ ಗೊತ್ತು, ಒಂದು ಹೆಸರೂ ಗೊತ್ತಿಲ್ಲ. ಶಾಲೆಯ ಶರತ್ಕಾಲದ ಪ್ರವಾಸ, ಒಂದು ಅಂಗಡಿಯಿಂದ ಬಂದ ಕಿಂಬಾಪ್, ಅನ್ನದ ಆ ಸುರುಳಿಗಳ ಒಳಗೆ ಕೆನಿಪ್ ಎಲೆ. ತಿಂದು ಎರಡು ಗಂಟೆಯೊಳಗೆ ಬಸ್ಸಿನ ತುಂಬ ವಾಂತಿ. ಎಲ್ಲರೂ ಎರಡು ದಿನದಲ್ಲಿ ಚೇತರಿಸಿಕೊಂಡರು, ಆದರೆ ಟೀವಿಯವರು ಚೇತರಿಸಿಕೊಳ್ಳಲಿಲ್ಲ. ಅಂಗಡಿಯವನು ಪಾತ್ರೆಗಳನ್ನೆಲ್ಲ ಫಳಫಳ ಉಜ್ಜಿಟ್ಟಿದ್ದ; ಅನ್ನ ಒಂದು ಅಗುಳೂ ಸಿಗಲಿಲ್ಲ. ಸಿಕ್ಕಿದ್ದು ಎಲೆ. ಎಲೆಯ ತಟ್ಟೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದವು, ಸುತ್ತ ಬಿಳಿಯ ಮಸುಕು ಬಳೆ. ಸೆರೆಯಸ್ ಎಂದು ಪಕ್ಕದಲ್ಲಿ ನಿಂತಿದ್ದವರೆಲ್ಲ ಒಟ್ಟಿಗೇ ಅಂದರು. ಸೆರೆಯಸ್ ಅನ್ನದಲ್ಲಿ ಕೂತರೆ ವಿಷ ಕಕ್ಕುತ್ತದೆ, ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಆದರೆ ಅದೇ ಗುಲಾಬಿ, ಅದೇ ಬಳೆ ಅದರ ಒಡಹುಟ್ಟಿನಂಥ ಬ್ಯಾಕ್ಟೀರಿಯಾ ಥುರಿಂಜಿಗೂ ಉಂಟು. ಥುರಿಂಜಿಯನ್ನು ಪೊಟ್ಟಣ ಕಟ್ಟಿ ರೈತರಿಗೆ ಹಂಚುತ್ತಾರೆ, ರಾಸಾಯನಿಕ ಬಳಸದವರು ಅದನ್ನೇ ಬೆಳೆಗೆ ಹೊಡೆಯುವುದು. ಎಲೆ ಕಡಿಯುವ ಹುಳುವಿನ ಕರುಳು ಹರಿಯುತ್ತದೆ, ಮನುಷ್ಯನಿಗೆ ಏನೂ ಆಗುವುದಿಲ್ಲ. ಎರಡಕ್ಕೂ ಮೈ ಒಂದೇ, ನಡಿಗೆ ಒಂದೇ, ಒಳಗಿನ ಬರಹವೂ ಹೆಚ್ಚುಕಡಿಮೆ ಒಂದೇ. ಥುರಿಂಜಿಗೆ ಮುಪ್ಪು ಬಂದಾಗ ಮಾತ್ರ ಬೀಜಾಣುವಿನ ಪಕ್ಕದಲ್ಲಿ ಒಂದು ಹರಳು ಕಟ್ಟುತ್ತದೆ. ಮುಪ್ಪು ಬರಲು ಮೂರು ದಿನ. ಮೂರು ದಿನ ಯಾರ ಹತ್ತಿರ ಇತ್ತು? ಬೇಗ, ಬೇಗ ಎಂದು ಮೇಲಿನಿಂದ ಫೋನು, ಬೇಗ ಎಂದು ಪಾಲಕರು ಗೇಟಿನ ಹೊರಗೆ, ಬೇಗ ಎಂದು ಅವನ ಹೊಟ್ಟೆಯೊಳಗೇ ಯಾರೋ. ಒಂದು ದಿನದ ಎಳೆಯ ಬ್ಯಾಕ್ಟೀರಿಯಾವನ್ನು ಗಾಜಿನ ಮೇಲೆ ಸವರಿ, ಕಣ್ಣು ಕೊಟ್ಟು ನೋಡಿ, ಫಾರಮ್ಮಿನ ಏಳನೆಯ ಕಾಲಮ್ಮಿನಲ್ಲಿ ಬರೆದಿದ್ದ: ಹರಳು ಕಂಡಿಲ್ಲ. ನೋಡಿದ್ದು ನಿಜ, ಕಾಣದಿದ್ದದ್ದೂ ನಿಜ. ಕೆಳಗೆ ತನ್ನ ಹೆಸರು. ಅದರ ಮೇಲೆ ಕಚೇರಿಯ ಚೌಕದ ದೊಡ್ಡ ಕೆಂಪು ಮುದ್ರೆ. ಆ ಎಲೆ ಬೆಳೆದ ತಾಕ್ ಜೊಮ್ರೆಯ ಸಾವಯವ ಪ್ರಮಾಣಪತ್ರ ಹೋಯಿತು, ಶಾಲೆಗಳಿಗೆ ಎಲೆ ಕೊಡುವುದು ನಿಂತಿತು, ಸೊಪ್ಪು ಬೆಳೆಯುತ್ತಿದ್ದ ಎರಡು ಪ್ಲಾಸ್ಟಿಕ್ ಚಪ್ಪರಗಳನ್ನು ಮಾರಿದಳು. ಇದೆಲ್ಲ ಅವನಿಗೆ ಗೊತ್ತಾದದ್ದು ಪತ್ರಿಕೆಯಲ್ಲಿ ಅವಳ ಫೋಟೋ ನೋಡಿದ ಮೇಲೆ, ಸಂತೆಯಲ್ಲಿ ಅದೇ ಮುಖ ಕಂಡ ಮೇಲೆ. ಕಿಂಬಾಪ್ ಅಂಗಡಿಯವನು ಕಳೆದ ವರ್ಷ ಬಸ್ ನಿಲ್ದಾಣದ ಎದುರು ಎರಡನೆಯ ಅಂಗಡಿ ತೆಗೆದ.

ಬೆಚ್ಚನೆ ಪೆಟ್ಟಿಗೆಯ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಗಾಳಿ ಅವನನ್ನು ಸೀದಾ ತಾಯಿಯ ಕೋಣೆಗೆ ತಳ್ಳಿತು. ಬೆಂದ ಸೋಯಾ ಕಾಳಿನ ನಡುವೆ ಭತ್ತದ ಹುಲ್ಲು ಸಿಕ್ಕಿಸಿ, ಬುಟ್ಟಿಗೆ ಕಂಬಳಿ ಹೊದೆಸಿ, ಹುದುಗಲೆಂದು ಅಡಿಯಿಂದ ಕಾಯಿಸಿದ ನೆಲದ ಮೇಲೆ ಮೂರು ದಿನ ಇಡುತ್ತಿದ್ದಳು. ಆ ಕೋಣೆಯಲ್ಲೇ ಅವನು ಓದಬೇಕು, ಮಲಗಬೇಕು. ಶಾಲೆಯ ಅಂಗಿಗೆ ವಾಸನೆ ಹತ್ತುತ್ತಿತ್ತು. ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಂಡು ಕಾಲುಚೀಲದ ಸಾರು ಬಂತು ಅನ್ನುತ್ತಿದ್ದರು. ಒಂದು ಸಲ ಎರಡನೆಯ ದಿನವೇ ಕಂಬಳಿ ಎತ್ತಿ ಬುಟ್ಟಿಯನ್ನು ಹೊರಗಿಟ್ಟುಬಿಟ್ಟ. ತಾಯಿ ಬೈಯಲಿಲ್ಲ. ಚಮಚದಿಂದ ಕಾಳು ಎತ್ತಿ ನೋಡಿದಳು, ಹುದುಗಿದ ಕಾಳಿಗೆ ಬರುವ ಅಂಟಿನ ನೂಲು ಬರಲಿಲ್ಲ. "ಇದಕ್ಕೆ ಇನ್ನೂ ಮಾತು ಬಂದಿಲ್ಲ, ನೀನಾಗಲೇ ಎಬ್ಬಿಸಿಬಿಟ್ಟೆ," ಎಂದು ಇಡೀ ಬುಟ್ಟಿಯನ್ನು ಹಂದಿಗೆ ಸುರಿದಳು. ಮಗ ಬಿಳಿ ಕೋಟು ಹಾಕಿದಾಗ ಕೇರಿಯವರಿಗೆಲ್ಲ ಹೇಳಿಕೊಂಡು ಬಂದಳು, ನನ್ನ ಮಗ ವಿಷ ಹಿಡೀತಾನೆ ಅಂತ. ಈಗ ಅವಳಿಲ್ಲ, ಇದನ್ನೆಲ್ಲ ನೋಡದೆ ಬದುಕಿಕೊಂಡಳು ಎಂದು ಜೆಗ್ಯು ಅಂದುಕೊಂಡ, ಅಂದುಕೊಂಡದ್ದಕ್ಕೆ ನಾಚಿದ.

ಸವರಿದ ಗಾಜಿಗೆ ಕೆಂಪು ಬಣ್ಣ ಹಾಕಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಕಣ್ಣಿಡುವ ಮೊದಲು ಬೆಳಕು ಸರಿಮಾಡಿದ, ಕುರ್ಚಿ ಸರಿಮಾಡಿದ, ಕೊನೆಗೆ ಆ ಹಾಳು ಗುಂಡಿಯನ್ನೂ ಸರಿಮಾಡಿಕೊಂಡ. ಹರಳು ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದಾನೆ ಎಂಬುದು ಆಗ ಅವನಿಗೆ ತಿಳಿಯಿತು. ಇಲ್ಲದಿದ್ದರೆ ನಾಲ್ಕು ವರ್ಷವೂ ಸರಿ, ಕಸದ ಡಬ್ಬಿಯೂ ಸರಿ, ಮುದುಕಿಯೇ ತಪ್ಪು. ಎಷ್ಟು ಸಲೀಸು. ಕಣ್ಣಿಟ್ಟ. ಒಡೆದ ಜೀವಕೋಶಗಳ ನಡುವೆ ಹೊಳೆಯುವ ಬೀಜಾಣುಗಳು, ಅವುಗಳ ಪಕ್ಕದಲ್ಲಿ, ಎಲ್ಲೆಲ್ಲೂ, ಎರಡೂ ತುದಿ ಚೂಪಾದ ಕಡುಗೆಂಪು ಹರಳುಗಳು. ಹುಡುಕಬೇಕಾಗಿಯೇ ಇರಲಿಲ್ಲ. ಗಾಜನ್ನು ಸರಿಸಿದ, ಅಲ್ಲೂ ಇದ್ದವು. ಇನ್ನೊಂದು ಗಾಜು ಮಾಡಿದ, ಅದರಲ್ಲೂ ಇದ್ದವು. ಎದೆಯಲ್ಲಿ ಎಂಥದೋ ಸಂತೋಷವಿತ್ತು. ಎಷ್ಟು ಚೆಂದದ ಹರಳುಗಳು ಎಂದು ಅವನೊಳಗಿನ ವಿದ್ಯಾರ್ಥಿ ಹಿಗ್ಗುತ್ತಿದ್ದ. ಆ ಹಿಗ್ಗಿಗೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು.

ಕಡತದ ಕೋಣೆಗೆ ಹೋಗಿ ಆ ವರ್ಷದ ಕಟ್ಟು ಬಿಚ್ಚಿದ. ಅವನು ಸಹಿ ಹಾಕಿದ ಫಾರಮ್ಮಿನ ಕೊನೆಯಲ್ಲಿ, ಎಲೆ ತಂದವನು ತುಂಬಿದ ಇತರ ವಿಷಯ ಎಂಬ ಕಡೆ, ಬೆಳೆಗಾರ್ತಿಯ ಮಾತು ಇತ್ತು: ಐದು ದಿನದ ಹಿಂದೆ ಹುಳದ ಔಷಧಿ ಹೊಡೆದಿದ್ದೇನೆ, ಪೊಟ್ಟಣ ತೋಟಗಾರಿಕೆ ಕಚೇರಿಯವರು ಕೊಟ್ಟದ್ದು. ಅದರ ಸುತ್ತ ಪೆನ್ಸಿಲಿನ ಗೆರೆ, ಪಕ್ಕದಲ್ಲೊಂದು ಪ್ರಶ್ನೆಯ ಗುರುತು. ಆ ಪ್ರಶ್ನೆಯ ಗುರುತಿನ ಬಾಲ ಎಡಕ್ಕೆ ಕೊಂಕಿತ್ತು, ಅವನ ಕೈಯದೇ. ಗೆರೆ ಎಳೆದದ್ದು ಸಹಿಗೆ ಮುಂಚೆಯೋ ಆಮೇಲೋ ಎಂದು ನಾಲ್ಕು ವರ್ಷ ಮನಸ್ಸಿನಲ್ಲೇ ಎಳೆದಾಡಿದ್ದ. ಸಹಿಯ ಶಾಯಿ ಪೆನ್ಸಿಲಿನ ಗೆರೆಯ ಮೇಲೆ ಹಾದುಹೋಗಿತ್ತು. ಅಷ್ಟೇ ಸಾಕಿತ್ತು.

ಮುಖ್ಯಸ್ಥ ಪ್ಯೊನ್ ಪರ್ಸಿಮನ್ ಹಣ್ಣು ಹೆಚ್ಚುತ್ತಿದ್ದರು. ಮಾರ್ಚಿಗೆ ನಿವೃತ್ತಿ, ಆ ಕುರ್ಚಿ ಜೆಗ್ಯುವಿಗೆ ಎಂದು ಕಾವಲುಗಾರನಿಗೂ ಗೊತ್ತು.

"ಏನ್ರೀ ಸೊಕ್, ಮುಖ ಹುಳಿ ಬಂದ ಹಳೇ ಕಿಮ್ಚಿ ಆಗಿದೆ?"

"ನೂರಾ ಹದಿನೇಳು ಥುರಿಂಜಿ, ಸಾರ್. ಆ ಎಲೆದು. ಹರಳು ಇದೆ."

ಚಾಕು ನಿಂತಿತು. "ಅದನ್ನ ಬೇಯಿಸಿ ಎಸೀಲಿಲ್ವಾ?"

"ಇಲ್ಲ."

"ಏನ್ ಬರೆದಿದ್ರಿ ಅವತ್ತು? ಕಂಡಿಲ್ಲ ಅಂತ. ಕಂಡಿತ್ತಾ?"

"ಇಲ್ಲ. ಒಂದೇ ದಿನಕ್ಕೆ ನೋಡಿದ್ದೆ."

"ಎಷ್ಟು ದಿನಕ್ಕೆ ನೋಡಿದ್ರಿ ಅಂತ ಏಳನೇ ಕಾಲಮ್ಮು ಕೇಳಲ್ಲ. ಕಂಡಿಲ್ಲ, ಕಂಡಿಲ್ಲ ಅಂತ ಬರೆದ್ರಿ. ಎಲ್ರೀ ಇದೆ ಸುಳ್ಳು?" ಪ್ಯೊನ್ ಕೆಟ್ಟವರಲ್ಲ, ಜೆಗ್ಯುವಿನ ತಾಯಿ ಸತ್ತಾಗ ಸಂಸ್ಕಾರ ಮುಗಿಯುವ ತನಕ ಮೂರು ದಿನ ಶವಗೃಹದಲ್ಲಿ ಕೂತಿದ್ದವರು. ಈಗಲೂ ದನಿ ಮೆತ್ತಗೇ ಇತ್ತು. "ಬಾಯಿ ಬಿಟ್ರೆ ಈ ಮನೆಯಿಂದ ಹೋದ ಕಾಗದ ಎಲ್ಲಾ ಮತ್ತೆ ಬಿಚ್ಚಿಸ್ತಾರೆ. ಆ ಮುದುಕಿಗೆ ಚಪ್ಪರ ವಾಪಸ್ ಬರುತ್ತಾ? ಮರೆತಿರ್ತಾಳೆ. ತಗೊಳ್ಳಿ, ತಿನ್ನಿ." ಕಡ್ಡಿಗೆ ಚುಚ್ಚಿ ಒಂದು ಹೋಳು ಮುಂದೆ ಹಿಡಿದರು.

ಜೆಗ್ಯು ತಗೊಂಡು ತಿಂದ. ಸಿಹಿಯಾಗಿತ್ತು. ತಪ್ಪನ್ನು ತಿದ್ದಿ ಬರೆಯಲಿರುವ ಕಾಗದಕ್ಕೆ ಕಚೇರಿಯ ಮುದ್ರೆ ಕೇಳಬೇಕೆಂದು ಬಂದವನು ಬಾಯಲ್ಲಿ ಹಣ್ಣಿಟ್ಟುಕೊಂಡೇ ಕೇಳಿದ. ಮುದ್ರೆ ಇದ್ದ ಡ್ರಾಯರಿಗೆ ಪ್ಯೊನ್ ಮೊಣಕಾಲು ಒತ್ತಿದರು.

ಆದರೂ ಬರೆದ. ನಾಲ್ಕು ಸಲ ಬರೆದು ಹರಿದ. ಪ್ರತಿ ಸಲವೂ ವಾಕ್ಯಗಳು ತಾವಾಗಿಯೇ ಕಚೇರಿಯ ಬಟ್ಟೆ ತೊಟ್ಟು ಬರುತ್ತಿದ್ದವು, ಯಾರೂ ಏನೂ ಮಾಡದೆ ಎಲ್ಲ ತಾನಾಗಿ ಆಗಿಹೋದ ಹಾಗೆ. ಐದನೆಯ ಸಲ ನಾನು ಎಂದು ಶುರುಮಾಡಿದ. ಕೆಳಗೆ ತನ್ನ ಸ್ವಂತದ ಮುದ್ರೆ ಒತ್ತಿದ, ಕಿರುಬೆರಳಿನಷ್ಟು ದಪ್ಪದ ಮರದ್ದು, ಬ್ಯಾಂಕಿಗೆಂದು ತಾಯಿ ಕೆತ್ತಿಸಿಕೊಟ್ಟಿದ್ದು. ಅಷ್ಟು ದೊಡ್ಡ ಹಾಳೆಯ ಮೇಲೆ ಅದು ಬಟಾಣಿ ಕಾಳಿನಷ್ಟು ಕಂಡಿತು. ಮೂರೂವರೆಗೆ ಕೋಟು ಕಳಚಿಟ್ಟು, ಯಾರಿಗೂ ಹೇಳದೆ ಹೊರಬಿದ್ದ. ಗೇಟು ದಾಟಿದ ಮೇಲೆ ಮೂರು ಸಲ ನಿಂತ, ಒಂದು ಸಲ ಪೂರ್ತಿ ಹಿಂದಕ್ಕೆ ತಿರುಗಿದ.

"ಬೆಳಿಗ್ಗೆ ತಗೊಂಡ್ರಲ್ಲ ಮೇಷ್ಟ್ರೇ, ಮೊಲ ಅಷ್ಟೂ ಖಾಲಿ ಮಾಡ್ತಾ?" ಎಂದಳು ಅಜ್ಜಿ.

ಅವನು ಕಾಗದ ನೀಡಿದ. ಅವಳು ಒದ್ದೆ ಕೈ ಎತ್ತಿ ತೋರಿಸಿದಳು. "ಕನ್ನಡಕ ತಂದಿಲ್ಲ. ನೀವೇ ಓದಿ."

ನಿಂತುಕೊಂಡೇ ಓದಲು ಶುರುಮಾಡಿದ. ಎರಡು ಸಾಲಿಗೆ ಅವಳ ಕೈ ಬೋಗುಣಿಯಲ್ಲೇ ನಿಂತಿತು. "ತಡೀರಿ," ಅಂದಳು. "ಮೊದಲಿಂದ ಓದಿ. ಗಟ್ಟಿಯಾಗಿ. ಮೊಕ್ಪೊದವಳಿಗೂ ಕೇಳ್ಲಿ."

ಮೊದಲಿಂದ ಓದಿದ. ನಾನು, ಸೊಕ್ ಜೆಗ್ಯು, ಎಂದು ಅದು ಶುರುವಾಗುತ್ತಿತ್ತು. ಮೂಲಂಗಿ ಕೊಳ್ಳುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಸ್ಕ್ವಿಡ್ ಕೊಚ್ಚುವ ಸದ್ದು ನಿಂತಿತ್ತು. ಓದಿ ಮುಗಿಸಿದಾಗ ಕಿವಿ ಸುಡುತ್ತಿದ್ದವು.

"ಅಂದ್ರೆ?" ಎಂದಳು ಮೊಕ್ಪೊದವಳು.

"ಎಲೆ ಮೇಲೆ ಇದ್ದದ್ದು ವಿಷದ್ದಲ್ಲ. ಅಜ್ಜಿ ಹೊಡೆದ ಹುಳದ ಔಷಧೀದು. ಮಕ್ಕಳು ವಾಂತಿ ಮಾಡಿದ್ದು ಅನ್ನದಿಂದ ಇರಬೇಕು. ಎಲೆಯಿಂದ ಅಲ್ಲ."

"ಹೇಳಿದ್ದೆ," ಎಂದಳು ಅಜ್ಜಿ. "ಔಷಧಿ ಹೊಡೆದಿದ್ದೀನಿ ಅಂತ ಬಂದವನಿಗೆ ಹೇಳಿದ್ದೆ. ಬರ್ಕೊಂಡ, ನಾನು ನೋಡ್ದೆ."

"ಬರ್ಕೊಂಡಿದ್ರು. ನಾನು ಓದಿದ್ದೆ."

"ಓದಿ?"

"ಓದಿ ಸಹಿ ಹಾಕ್ದೆ."

ಅವಳು ಅವನನ್ನು ನೋಡಿದಳು. ಬೈಯಲಿ ಎಂದು ಅವನು ಕಾದ. ಬೈಗುಳಕ್ಕೆ ಬೇಕಾದಷ್ಟು ತಯಾರಿ ಮಾಡಿಕೊಂಡು ಬಂದಿದ್ದ. ಅವಳು ಕಾಗದ ಕೇಳಿ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ದೊಡ್ಡ ಮುದ್ರೆ ಎಲ್ಲಿ? ಅವತ್ತಿನದ್ರಲ್ಲಿ ಇಷ್ಟಗಲ ಇತ್ತು."

"ಅದು ಮುಖ್ಯಸ್ಥರ ಹತ್ರ ಇದೆ. ಕೊಡಲಿಲ್ಲ."

"ಹಾಗಾದ್ರೆ ಇದು ನಿಮ್ಮೊಬ್ಬರ ಮಾತು."

"ಹೌದು."

"ಆ ನಲವತ್ತೊಂದರಲ್ಲಿ ನನ್ ಮೊಮ್ಮಗಳೂ ಒಬ್ಬಳು," ಎಂದಳು, ಬೋಗುಣಿಗೆ ಹೇಳುವವಳ ಹಾಗೆ. "ಯುಲ್ ಅಂತ. ಅಜ್ಜಿ ಎಲೆ ಅಂತ ಬೇರೆಯವರ ಡಬ್ಬಿಯಿಂದಲೂ ಇಸ್ಕೊಂಡು ತಿಂದಿದ್ಲಂತೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವಳಿಗೆ ಒಂದು ಎಲೆ ಮುಟ್ಟಿಸಿಲ್ಲ. ನನ್ ಕೈಯಿಂದ ಅನ್ನ ಕಲಸಿ ಕೊಟ್ಟಿಲ್ಲ." ತಲೆ ಎತ್ತಿದಳು. "ಕೊಡಬಹುದಾ?"

"ನಾವು ಪರೀಕ್ಷೆ ಮಾಡಿದ ಎಲೆಗಳಲ್ಲಿ..."

"ಕೊಡಬಹುದಾ, ಬೇಡ್ವಾ?"

"ಕೊಡಬಹುದು."

"ನೀವು ತಿಂತಿದ್ರಲ್ಲ ಇಷ್ಟು ದಿನ. ಏನೂ ಆಗಿಲ್ಲ ಅಲ್ವಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. "ತಿಂದಿಲ್ಲ ಅಜ್ಜಿ," ಎಂದ. "ಎಸೀತಿದ್ದೆ."

ಕಾಗದಕ್ಕೆ ಬಾಡದ ಅವಳ ಮುಖ ಈ ಮಾತಿಗೆ ಬಾಡಿತು. "ಮೇಲೆ ಹಾಕಿ ಕೊಟ್ಟದ್ದೂ?" ಎಂದು ಕೇಳಿದಳು. ಅವಳು ಹಿಂದಿದ್ದ ಗೋಣಿಗೆ ಕೈ ಹಾಕಿ ಇನ್ನೂ ತೊಳೆಯದ ಎಲೆಯೊಂದನ್ನು ಎಳೆದಳು. ಬುಡದಲ್ಲಿ ಮಣ್ಣು ಹತ್ತಿತ್ತು, ಅಂಚಿನಲ್ಲಿ ಹುಳು ಕಡಿದ ತೂತು. ಬೋಗುಣಿಯ ಮೇಲಿಂದ ದಾಟಿಸಿ ಅವನ ಮುಂದೆ ಹಿಡಿದಳು.

ಜೆಗ್ಯು ಬಾಯಿಗೆ ಹಾಕಿಕೊಂಡ. ಒರಟಾಗಿತ್ತು, ಹಲ್ಲಿಗೆ ಮಣ್ಣು ಸಿಕ್ಕಿತು, ಆಮೇಲೆ ಆ ಘಾಟು ಮೂಗಿಗೆ ಏರಿತು. ಚಿಕ್ಕಂದಿನಿಂದ ತಿಂದ ರುಚಿ, ನಾಲ್ಕು ವರ್ಷ ಬಿಟ್ಟ ರುಚಿ. ನುಂಗಿದ. ಗಂಟಲು ಆಡುವುದನ್ನು ಇಬ್ಬರು ಹೆಂಗಸರೂ ನೋಡಿದರು.

"ಮಕ್ಕಳಿಗೆ ಎರಡು ಗಂಟೇಲಿ ವಾಂತಿ ಆಯ್ತು," ಎಂದಳು ಅಜ್ಜಿ. "ಮೊಕ್ಪೊದವಳೇ, ಆ ಪೆಟ್ಟಿಗೆ ಈ ಕಡೆ ತಳ್ಳೇ. ಗಡಿಯಾರ ನೋಡ್ಕೋ. ಕೂತ್ಕೊಳ್ಳಿ."

ಮೀನಿನ ಪೆಟ್ಟಿಗೆ ಬೋರಲು ಹಾಕಿದ್ದರು, ಒದ್ದೆಯಾಗಿತ್ತು. ಕೂತ. ಪ್ಯಾಂಟಿಗೆ ತಣ್ಣಗೆ ಇಳಿಯಿತು. ಜೇಬಿನಲ್ಲಿ ಫೋನು ಅದುರಿತು, ನಿಂತಿತು, ಮತ್ತೆ ಅದುರಿತು; ಪ್ಯೊನ್ ಇರಬೇಕು. ಒಂದು ಎಲೆಯಲ್ಲಿ ಏನೂ ಇಲ್ಲ, ಏನೂ ಆಗುವುದಿಲ್ಲ, ಅದು ಅವನಿಗೆ ತನ್ನ ಹೆಸರಿನಷ್ಟು ಗೊತ್ತು. ಆದರೆ ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದು ಹೋಳು ಹಣ್ಣು, ಮೀನಿನ ವಾಸನೆ ಸುತ್ತಿ ಸುತ್ತಿ ಬರುತ್ತಿತ್ತು, ಹೊಟ್ಟೆಯ ತಳದಲ್ಲಿ ಏನೋ ನಿಧಾನವಾಗಿ ಹೊರಳಿತು. ಪರೀಕ್ಷೆಯ ಹಿಂದಿನ ದಿನ, ಸಂದರ್ಶನದ ಹಿಂದಿನ ದಿನ, ಸಹಿ ಹಾಕಿದ ಆ ದಿನ ಹೊರಳಿದಂತೆಯೇ. ಇಂಥ ದಿನಗಳಲ್ಲಿ ಅವನು ಕಕ್ಕುತ್ತಾನೆ, ಯಾವಾಗಲೂ ಕಕ್ಕಿದ್ದಾನೆ. ಇಲ್ಲಿ ಕಕ್ಕಿದರೆ ಮುಗಿಯಿತು. ಇವರಿಗೆ ಯಾವ ಹರಳನ್ನು ತೋರಿಸಿದರೂ ನಂಬುವುದಿಲ್ಲ, ಆ ಹುಡುಗಿ ಅಜ್ಜಿಯ ಕೈಯ ಅನ್ನ ಇನ್ನು ಉಣ್ಣುವುದಿಲ್ಲ. ಬೆನ್ನು ನೆಟ್ಟಗೆ ಮಾಡಿದ. ಎರಡೂ ಕೈ ಮಂಡಿಯ ಮೇಲಿಟ್ಟು, ಬಾಯಲ್ಲಿ ಊರುತ್ತಿದ್ದ ನೀರನ್ನು ಸ್ವಲ್ಪ ಸ್ವಲ್ಪವೇ ನುಂಗಿದ. ಅಜ್ಜಿ ಗಿರಾಕಿಗಳಿಗೆ ಉತ್ತರ ಕೊಡುತ್ತ ನಡುನಡುವೆ ಅವನ ಮುಖ ನೋಡುತ್ತಿದ್ದಳು, ತಟ್ಟೆ ನೋಡುವವರ ಹಾಗೆ. ಅವನ ಹಣೆಯಲ್ಲಿ ಬೆವರು ಕಾಣಿಸಿಕೊಂಡಾಗ ಅವಳ ಕೈ ಒಂದು ಗಳಿಗೆ ನಿಂತಿತು. ಅವನು ನಗಲು ಪ್ರಯತ್ನಿಸಿದ, ಅವಳು ನಗಲಿಲ್ಲ.

"ಎಷ್ಟಾಯ್ತೇ?" ಎಂದು ಕೇಳಿದಳು.

"ಐವತ್ತು ನಿಮಿಷ," ಎಂದಳು ಮೊಕ್ಪೊದವಳು. "ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆ. ಮೇಷ್ಟ್ರೇ, ನೀರು ಬೇಕಾ?"

"ಬೇಡ," ಎಂದ ಜೆಗ್ಯು. "ಈಗ ನೀರು ಕುಡಿಯಬಾರದು."

ಅಜ್ಜಿ ಗೋಣಿಯಿಂದ ಎಲೆ ಎಳೆದು ತೊಳೆಯದೆ ಮಡಿಲಲ್ಲಿ ಜೋಡಿಸತೊಡಗಿದಳು, ಹತ್ತಾಯಿತು, ದಾರ ಸುತ್ತಲಿಲ್ಲ. ಬೋಗುಣಿಯ ವಿನಿಗರ್ ನೀರನ್ನು ಇನ್ನೂ ಚೆಲ್ಲಿರಲಿಲ್ಲ.